ಮಕ್ಕಳಿಗೆ ಟ್ರಂಪೆಟ್, ಟ್ರೊಂಬೋನ್ ಕಲಿಸುವವರು ಅನುಭವ ಹೇಳಿ

ಪ್ರಶ್ನೆ: ಒಂಬತ್ತು-ಹತ್ತು ವಯಸ್ಸಿನ ಮಕ್ಕಳಿಗೆ ಟ್ರಂಪೆಟ್, ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವ ವಾದ್ಯಗಳನ್ನು ಕಲಿಸಲು ಶುರು ಮಾಡಿದ್ದೇನೆ. ಮೇಲಿನ ಸ್ವರ ಬಂತೆಂದರೆ ಎಲ್ಲರೂ ವಾದ್ಯವನ್ನು ತುಟಿಗೆ ಒತ್ತಿ ಹಿಡಿಯುತ್ತಾರೆ, ಬೇಗ ಸುಸ್ತಾಗುತ್ತಾರೆ. ಸ್ವರಗಳು ಸರಿಯಿದ್ದರೂ ಹಾಡಿನ ಹಾಗೆ ಕೇಳಿಸುವುದಿಲ್ಲ. ಎಲ್ಲಿಂದ ಸರಿಪಡಿಸಲಿ?

ಉತ್ತರ: "ಒತ್ತಬೇಡ" ಎಂದು ಎಷ್ಟು ಸಲ ಹೇಳಿದರೂ ಮಕ್ಕಳು ಬಿಡುವುದಿಲ್ಲ. ಹೆಚ್ಚಿನ ಸಲ ಉಸಿರು ಸಾಲದೆ ಇರುವುದರಿಂದಲೇ ಅವರು ಕೈಬಲ ಹಾಕುತ್ತಾರೆ. ಒತ್ತಿದಷ್ಟೂ ತುಟಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ತುಟಿ ಕಂಪಿಸುವುದೂ ಕಷ್ಟ. ಅದಕ್ಕೇ ನಾನು ಉಸಿರಿನಿಂದ ಶುರು ಮಾಡುತ್ತೇನೆ. ವಾದ್ಯ ಪಕ್ಕಕ್ಕಿಟ್ಟು, ಭುಜ ಏಳದ ಹಾಗೆ ಉಸಿರೆಳೆದು, ನಡುವೆ ತಡೆಯದೆ ಹೊರಗೆ ಬಿಡಿಸಿ. ತಡೆದು ನಿಲ್ಲಿಸುವ ಮಕ್ಕಳಿಗೆ ಗಂಟಲು ಬಿಗಿಯುತ್ತದೆ, ಮೊದಲ ಸ್ವರವೇ ಒಡೆಯುತ್ತದೆ. ತುಟಿಯ ಎರಡೂ ಮೂಲೆ ಗಟ್ಟಿಯಾಗಿರಲಿ, ನಡುಭಾಗ ಸಡಿಲ. ಕೆನ್ನೆ ಉಬ್ಬದಿರಲಿ.

ನನ್ನ ಪಾಠದಲ್ಲಿ ಇದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಹಾಡಿಸುವುದು. ಟ್ರಂಪೆಟ್‌ನಲ್ಲಿ ಒಂದೂ ವಾಲ್ವ್ (ಬೆರಳಿನಿಂದ ಒತ್ತುವ ಗುಂಡಿ) ಒತ್ತದೆಯೇ ಸ, ಪ, ಮೇಲಿನ ಸ, ಅದರ ಮೇಲೆ ಗ, ಪ ಎಲ್ಲವೂ ಬರುತ್ತವೆ. ಪಿಯಾನೋ ಹಾಗಲ್ಲ, ಕೀಲಿ ಒತ್ತಿದರೆ ಆ ಸ್ವರ ಬಂದೇ ಬರುತ್ತದೆ. ಇಲ್ಲಿ ಯಾವ ಸ್ವರ ಬೇಕು ಎಂದು ಮಗುವಿಗೆ ಊದುವ ಮೊದಲೇ ಕಿವಿಯಲ್ಲಿ ಕೇಳಿರಬೇಕು, ಅಲ್ವಾ? ಎರಡೇ ಸಾಲಿನ ಪಾಠವಾದರೂ ಮೊದಲು ಬಾಯಲ್ಲಿ ಹಾಡಿಸಿ, ಆಮೇಲೆ ಬೆರಳಾಡಿಸುತ್ತಾ ಹಾಡಿಸಿ, ಕೊನೆಗೆ ನುಡಿಸಲಿ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಸಾಲು ಎಲ್ಲಿಗೆ ಏರುತ್ತದೆ ಎಂಬುದು ಹಾಡುವಾಗ ತಾನಾಗಿ ತಿಳಿಯುತ್ತದೆ. ಶಿಕಾಗೋ ಸಿಂಫನಿ ವಾದ್ಯವೃಂದದಲ್ಲಿ 1944ರಿಂದ 1988ರವರೆಗೆ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ನುಡಿಸಿದ ಆರ್ನಾಲ್ಡ್ ಜೇಕಬ್ಸ್ ತಮ್ಮ ಶಿಷ್ಯರಿಗೆ ಒತ್ತಿ ಹೇಳುತ್ತಿದ್ದುದೂ ಹಾಡು ಮತ್ತು ಗಾಳಿ, ಇವೆರಡನ್ನೇ. ಸ್ನಾಯುಗಳ ಬಗ್ಗೆ ಜಾಸ್ತಿ ವಿವರಿಸಿದರೆ ಮಗು ಸುಮ್ನೆ ಬಿಗಿಯಾಗುತ್ತದೆ.

ಇನ್ನೊಬ್ಬರು: ಹಾಡಿಸುವ ಮಾತು ನೂರಕ್ಕೆ ನೂರು ನಿಜ. ಟ್ರೊಂಬೋನ್ ಮಕ್ಕಳದ್ದು ಬೇರೆ ಕಷ್ಟವೂ ಇದೆ. ಸ್ವರ ಬದಲಿಸಲು ಹಿಂದೆ ಮುಂದೆ ಜಾರಿಸುವ ಕೊಳವೆಗೆ, ಅಂದರೆ ಸ್ಲೈಡ್‌ಗೆ, ಏಳು ಸ್ಥಾನ. ಚಿಕ್ಕ ಕೈಗೆ ಕೊನೆಯ ಎರಡು ಎಟುಕುವುದಿಲ್ಲ. ಎಟುಕಿಸಲು ಹೋಗಿ ಮೈ ತಿರುಚುತ್ತಾರೆ, ಊದುವ ತುದಿ (ಮೌತ್‌ಪೀಸ್) ತುಟಿಯ ಮೇಲೆ ಜಾರುತ್ತದೆ. ಆ ಸ್ವರಗಳಿರುವ ಪಾಠ ಸದ್ಯಕ್ಕೆ ಬೇಡ. ಟ್ರಂಪೆಟ್ ಎತ್ತಿ ಹಿಡಿಯಲಾಗದೆ ಮುಂದಕ್ಕೆ ಬಾಗುವ ಮಗುವಿಗೆ ಟ್ರಂಪೆಟ್ ಜಾತಿಯದೇ ಆದ ಕಾರ್ನೆಟ್ ಕೊಟ್ಟು ನೋಡಿ. ಕೊಳವೆಯ ಉದ್ದ ಟ್ರಂಪೆಟ್‌ನಷ್ಟೇ, ಬೆರಳುಗಳೂ ಅವೇ. ಆದರೆ ಒತ್ತೊತ್ತಾಗಿ ಸುತ್ತಿರುವುದರಿಂದ ಭಾರ ಮೈಗೆ ಹತ್ತಿರ ಇರುತ್ತದೆ.

ಮತ್ತೊಬ್ಬರು: ಸುಸ್ತಿಗೆ ನನ್ನ ಉಪಾಯ, ನುಡಿಸಿದಷ್ಟೇ ಹೊತ್ತು ಬಿಡುವು. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ನುಡಿಸಿದ ಸಾಲನ್ನು ಇನ್ನೊಬ್ಬರು ಕೇಳಿ ಹಾಗೇ ನುಡಿಸಲಿ. ಮೇಲಿನ ಸ್ವರಗಳ ಅವಸರ ಬೇಡ. ಮಧ್ಯದ ಸ್ವರವೊಂದನ್ನು ಮೆಲ್ಲಗೆ, ಅಲುಗಾಡದೆ ಉದ್ದಕ್ಕೆ ಹಿಡಿಯಲು ಬಂದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಿ.

ಶ್ರುತಿ ತಪ್ಪಿದಾಗ ತಕ್ಷಣ ಮಗುವನ್ನು ದೂರಬೇಡಿ. ತಣ್ಣಗಿರುವ ವಾದ್ಯದ ಶ್ರುತಿ ಇಳಿದಿರುತ್ತದೆ, ಸ್ವಲ್ಪ ಊದಿ ಬೆಚ್ಚಗಾದ ಮೇಲೆ ಶ್ರುತಿ ಕೂಡಿಸಿ. ಟ್ರಂಪೆಟ್‌ನಲ್ಲಿ 1 ಮತ್ತು 3ನೇ ವಾಲ್ವ್ ಒಟ್ಟಿಗೆ ಒತ್ತಿದಾಗ, ಮೂರನ್ನೂ ಒತ್ತಿದಾಗ, ಸ್ವರ ಸರಿಯಾದ ಶ್ರುತಿಗಿಂತ ತುಸು ಏರುವುದು ವಾದ್ಯದ ಸ್ವಭಾವವೇ. 3ನೇ ವಾಲ್ವ್‌ನ ಸ್ಲೈಡನ್ನು (ಆ ವಾಲ್ವ್‌ಗೆ ಸೇರಿದ ಜಾರುವ ಕೊಳವೆ) ಆಗ ಹೊರಕ್ಕೆ ತಳ್ಳುವುದನ್ನು ಮೊದಲಿನಿಂದಲೇ ಅಭ್ಯಾಸ ಮಾಡಿಸಿ. ಸ್ಲೈಡ್ ಸಲೀಸಾಗಿ ಓಡುವಷ್ಟು ಎಣ್ಣೆ ಇದೆಯಾ ಎಂದು ಪಾಠಕ್ಕೆ ಮೊದಲೇ ನೋಡಿಕೊಳ್ಳಿ.