ಕ್ಯಾಟ್ ವರ್ಬಲ್ ಪ್ರಶ್ನೋತ್ತರ: ‘ಕೊನೆಗೆ ಎರಡು ಆಯ್ಕೆ ಉಳೀತವೆ, ಒತ್ತಿದ್ದು ತಪ್ಪಾಗ್ತದೆ’

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕ್ಯಾಟ್‌ಗೆ ವರ್ಬಲ್ ಕಲಿಸುವ ಮೇಡಂ ಇವತ್ತು, ನಾಳೆ ಗುಂಪಿನಲ್ಲಿ ಇರುತ್ತಾರೆ. ಹೊಸಬರಿಗಾಗಿ: ಕ್ಯಾಟ್ ಅಂದರೆ ಐಐಎಂ ಮುಂತಾದ ಎಂಬಿಎ ಕಾಲೇಜುಗಳ ಪ್ರವೇಶ ಪರೀಕ್ಷೆ. ಅದರ ಮೊದಲ ವಿಭಾಗವೇ ವಾರ್ಕ್, ಅಂದರೆ ಇಂಗ್ಲಿಷ್ ವರ್ಬಲ್, 40 ನಿಮಿಷ. ಈಚಿನ ವರ್ಷಗಳಲ್ಲಿ 24 ಪ್ರಶ್ನೆ. ನಾಲ್ಕು ಪ್ಯಾಸೇಜ್‌ಗೆ ತಲಾ ನಾಲ್ಕರಂತೆ 16 ಆರ್‌ಸಿ (ಪ್ಯಾಸೇಜ್ ಓದಿ ಉತ್ತರಿಸುವವು), ಉಳಿದ 8 ವಿಎ (ವಾಕ್ಯ ಜೋಡಿಸುವಂಥ ಬಿಡಿ ಪ್ರಶ್ನೆಗಳು). ಸರಿಯಾದರೆ 3 ಅಂಕ. ಆಯ್ಕೆ ಕೊಟ್ಟಿರುವ ಪ್ರಶ್ನೆ ತಪ್ಪಾದರೆ ಒಂದು ಅಂಕ ಕಟ್. ಉತ್ತರ ಟೈಪ್ ಮಾಡುವ ಟೀಟಾಗೆ ನೆಗೆಟಿವ್ ಇಲ್ಲ. ಕೇಳುವಾಗ ನಿಮ್ಮ ಮಾಕ್‌ನ (ಅಭ್ಯಾಸ ಪರೀಕ್ಷೆಯ) ಸರಿ-ತಪ್ಪಿನ ಲೆಕ್ಕವನ್ನೂ ಹಾಕಿ.

ತುಮಕೂರು ಬಿಕಾಂ: ಮೇಡಂ, ದಿನಾ ಏನು ಓದ್ಬೇಕು, ಎಷ್ಟು ಓದ್ಬೇಕು?

ಮೇಡಂ: ದಿನಕ್ಕೆ ಎರಡು ಲೇಖನ. ಒಂದು ನಿಮಗೆ ಇಷ್ಟದ ವಿಷಯದ್ದು, ಇನ್ನೊಂದು ನೀವು ಸಾಮಾನ್ಯವಾಗಿ ಪುಟ ತಿರುಗಿಸಿಬಿಡುವಂಥದ್ದು. ಪತ್ರಿಕೆಯ ಸಂಪಾದಕೀಯ ಓದಿದರೆ ನಷ್ಟವೇನಿಲ್ಲ, ಆದರೆ ಕ್ಯಾಟ್ ಪ್ಯಾಸೇಜ್‌ಗಳ ಜಾತಿ ಬೇರೆ. ತತ್ವಶಾಸ್ತ್ರ, ಮಾನವಶಾಸ್ತ್ರ, ಪರಿಸರ, ಇತಿಹಾಸದ ಪ್ರಬಂಧಗಳ ತುಂಡುಗಳು ಹೆಚ್ಚು. ಏಯಾನ್ ಎಂಬ ಇಂಗ್ಲಿಷ್ ಜಾಲತಾಣದ ಪ್ರಬಂಧಗಳು ಅದಕ್ಕೆ ಹತ್ತಿರ. ಓದಿ ಮುಚ್ಚಿಟ್ಟು ಪ್ರತಿ ಪ್ಯಾರಾಗೆ ಒಂದು ಸಾಲು ಬರೆಯಿರಿ. ಕನ್ನಡದಲ್ಲಿ ಬರೆದರೂ ಸರಿ. ಬರೆಯದೆ ಬರೀ ಓದುವುದಾದರೆ ಅಂಕದ ಮೇಲೆ ಅದರ ಪರಿಣಾಮ ಬಹಳ ನಿಧಾನ.

ದಾವಣಗೆರೆ: ಮೇಡಂ, ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪ್ಯಾಸೇಜ್ ಅರ್ಥ ಆಗ್ತದೆ. ಆದ್ರೆ ಕೊನೆಗೆ ಎರಡು ಆಯ್ಕೆ ಉಳೀತವೆ, ನಾನು ಒತ್ತಿದ್ದು ತಪ್ಪಾಗ್ತದೆ. ಕಳೆದ ಮಾಕ್‌ನಲ್ಲಿ ಆರ್‌ಸಿ 16ಕ್ಕೆ 16 ಮಾಡ್ದೆ. 7 ಸರಿ, 9 ತಪ್ಪು, ಬಂದಿದ್ದು 12 ಅಂಕ. ವೊಕ್ಯಾಬುಲರಿ ಕಮ್ಮಿ ಅಂತಾರೆ ಎಲ್ರೂ. 3,000 ಪದದ ಲಿಸ್ಟ್ ಬಾಯಿಪಾಠ ಶುರು ಮಾಡ್ಲಾ?

ಮೇಡಂ: ಈಗಲೇ ಬೇಡ. ಕ್ಯಾಟ್ ನೇರವಾಗಿ ಪದದ ಅರ್ಥ ಕೇಳುವುದಿಲ್ಲ. ನಿಮ್ಮ ತೊಂದರೆ ಪದದ್ದೋ, ಸಮಯದ್ದೋ, ಆಯ್ಕೆ ಆರಿಸುವುದರದ್ದೋ ಅಂತ ಮೊದಲು ಗೊತ್ತಾಗಬೇಕು. ಹೀಗೆ ಮಾಡಿ. ಹಳೆಯ ಕ್ಯಾಟ್ ಪತ್ರಿಕೆಯಿಂದ ನೀವು ನೋಡಿರದ ನಾಲ್ಕು ಪ್ಯಾಸೇಜ್ ತೆಗೆದುಕೊಳ್ಳಿ. 30 ನಿಮಿಷ ಟೈಮರ್ ಇಟ್ಟು ಮಾಡಿ. ಉತ್ತರದ ಕೀ ನೋಡಬೇಡಿ. ಮರುದಿನ ಅವೇ ಪ್ಯಾಸೇಜ್ ಮತ್ತೆ ಮಾಡಿ, ಈ ಸಲ ಟೈಮರ್ ಇಲ್ಲ, ಪಕ್ಕದಲ್ಲಿ ಡಿಕ್ಷನರಿ. ಆಮೇಲೆ ಎರಡಕ್ಕೂ ಕೀ ನೋಡಿ. ಎರಡನೇ ಸಲ 12-13ಕ್ಕೆ ಏರಿದರೆ ಪದ ಅಥವಾ ಸಮಯ. ಹೆಚ್ಚುಕಮ್ಮಿ ಅಷ್ಟೇ ಇದ್ದರೆ 3,000 ಪದ ಕಲಿತರೂ ಅಂಕ ಏರುವುದಿಲ್ಲ. ತಪ್ಪಾದವು ಯಾವ ಬಗೆಯ ಪ್ರಶ್ನೆಗಳು ಅಂತಲೂ ಬರೆದು ಹಾಕಿ.

ವಿಜಯನಗರ: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಫಾರ್ವರ್ಡ್ ಮಾಡ್ತಿದೀನಿ. 30 ದಿನದಲ್ಲಿ 99 ಪರ್ಸೆಂಟೈಲ್! 1) ಪ್ರತಿ ಪ್ಯಾರಾದ ಮೊದಲ ಮತ್ತು ಕೊನೇ ಸಾಲು ಮಾತ್ರ ಓದಿ. 2) ಎಲ್ಲಕ್ಕಿಂತ ಉದ್ದದ ಆಯ್ಕೆಯೇ ಸರಿ. 3) ಓನ್ಲಿ, ಆಲ್ವೇಸ್, ನೆವರ್ ಇದ್ರೆ ಆ ಆಯ್ಕೆ ತಪ್ಪು. 4) ಪ್ಯಾರಾ ಜಂಬಲ್‌ಗೆ (ಚದುರಿದ ವಾಕ್ಯ ಸರಿಯಾಗಿ ಜೋಡಿಸೋ ಪ್ರಶ್ನೆ) 2143 ಹಾಕಿ. 5) ನಿಮಿಷಕ್ಕೆ 800 ಪದ ಓದೋ ಆ್ಯಪ್.

ಮೇಡಂ: ಇದನ್ನು ನಂಬಿ ಯಾರೂ ಮಾಕ್ ಬರೆಯಬೇಡಿ. ಎಷ್ಟೋ ಪ್ರಬಂಧಗಳಲ್ಲಿ ಲೇಖಕರು ಮುಂದೆ ಅಲ್ಲಗಳೆಯಲಿರುವ ಅಭಿಪ್ರಾಯವನ್ನೇ ಮೊದಲ ಸಾಲಿನಲ್ಲಿ ಇಟ್ಟಿರುತ್ತಾರೆ. ತಿರುವು ಬರುವುದು ನಡುವಿನ ‘ಬಟ್’, ‘ಯೆಟ್’ಗಳಲ್ಲಿ. ಅದನ್ನು ಬಿಟ್ಟರೆ ಲೇಖಕರ ನಿಲುವೇ ತಲೆಕೆಳಗಾಗಿ ತಿಳಿಯುತ್ತದೆ. ಲೇಖಕರೇ ‘ಓನ್ಲಿ’ ಅಂದಿದ್ದರೆ ಸರಿ ಉತ್ತರದಲ್ಲೂ ‘ಓನ್ಲಿ’ ಇರಬಹುದು. ನಾಲ್ಕು ವಾಕ್ಯಗಳನ್ನು 24 ಕ್ರಮದಲ್ಲಿ ಜೋಡಿಸಬಹುದು, 2143 ಅದರಲ್ಲಿ ಒಂದು, ಅಷ್ಟೇ.

ವೇಗದ ಲೆಕ್ಕ ಕೇಳಿ. ಪ್ಯಾಸೇಜ್‌ಗೆ ಸುಮಾರು 500 ಪದ ಅಂದರೆ ನಾಲ್ಕಕ್ಕೆ 2,000. ನಿಮಿಷಕ್ಕೆ 200 ಪದ ಓದಿದರೆ 10 ನಿಮಿಷ. 16 ಪ್ರಶ್ನೆಗೆ 20 ನಿಮಿಷ, 8 ವಿಎಗೆ 10 ನಿಮಿಷ. ಒಟ್ಟು 40. ನಿಮಿಷಕ್ಕೆ 200 ಪದ ಸಾಧಾರಣ ವೇಗ. ಅರ್ಥವಾಗದೆ ಎರಡೆರಡು ಸಲ ಓದುವುದರಿಂದಲೇ ಸಮಯ ಹೋಗುವುದು.

ಹುಬ್ಬಳ್ಳಿ ರಿಪೀಟರ್: ಮೇಡಂ, ಎಲ್ಲಾ 24 ಅಟೆಂಪ್ಟ್ ಮಾಡಬೇಕೋ, ಬಿಡಬೇಕೋ?

ಮೇಡಂ: ಟೀಟಾ ಒಂದನ್ನೂ ಖಾಲಿ ಬಿಡಬೇಡಿ. ಆಯ್ಕೆ ಇರುವ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಒತ್ತಿದರೆ ಸರಾಸರಿ ಲಾಭ ಸೊನ್ನೆ: ನಾಲ್ಕರಲ್ಲಿ ಒಂದು ಸಲ ಮೂರು ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಒಂದು ಆಯ್ಕೆಯನ್ನು ಕಾರಣ ಸಮೇತ ತೆಗೆದರೆ ಪ್ರಶ್ನೆಗೆ ಸರಾಸರಿ ಮೂರನೇ ಒಂದು ಅಂಕ ಲಾಭ. ಎರಡನ್ನು ತೆಗೆದರೆ ಒಂದು ಅಂಕ.

ಹುಬ್ಬಳ್ಳಿ ರಿಪೀಟರ್: ಅಂದ್ರ ಎಲ್ಲಾ ಹೊಡೀಬೇಕು ಅಂತಾತು. ನಾನೂ ಅದನ್ನ ಹೇಳೂದು.

ಮೈಸೂರು ಇಂಜಿನಿಯರ್: ಹಾಗಲ್ಲ. ‘ಕಾರಣ ಸಮೇತ’ ಅಂದಿದ್ದಾರೆ. ಮೂರೇ ಪ್ಯಾಸೇಜ್ ನಿಧಾನವಾಗಿ ಮಾಡಿ, 12ರಲ್ಲಿ 10 ಸರಿ ಮಾಡಿದ್ರೆ 28 ಅಂಕ. 16 ಮಾಡಿ 9 ಸರಿಯಾದ್ರೆ 20.

ಹುಬ್ಬಳ್ಳಿ ರಿಪೀಟರ್: ಮೂರ ಮಾಡಿದ್ರ 10 ಸರಿ ಆಕ್ಕಾವು ಅಂತ ನಿಮಗ ಯಾರ್ ಹೇಳ್ಯಾರ್ರೀ? ನಿಮಗ ಬೇಕಾದ ಅಂಕಿ ಹಾಕ್ಕೊಂಡು ಲೆಕ್ಕಾ ಮಾಡಿದ್ರ ಹೆಂಗ?

ಮೈಸೂರು ಇಂಜಿನಿಯರ್: ನೀವು ಅಂಕಿನೇ ಹಾಕದೆ ಮಾತಾಡ್ತಿದೀರಲ್ಲ.

ಶಿವಮೊಗ್ಗ: ಗ್ಯಾಪ್ ಇಯರ್ ಇದ್ರೆ ಐಐಎಂ ಬೆಂಗಳೂರು ತಗೊಳತ್ತಾ ಮೇಡಂ?

ವೈಟ್‌ಫೀಲ್ಡ್: ಮೇಡಂ, ನಂದು ಕ್ಯಾಟ್ ಅಲ್ಲ, ವಿದೇಶದ ಎಂಬಿಎಗೆ ಬರೆಯೋ ಜಿಮ್ಯಾಟ್. ಸೆಂಟೆನ್ಸ್ ಕರೆಕ್ಷನ್‌ಗೆ 1,000 ಈಡಿಯಮ್ ಇರೋ ಪಿಡಿಎಫ್ ಸಿಕ್ಕಿದೆ, ಸಾಕಾ?

ಮೇಡಂ: ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ ಈಗ ಇಲ್ಲ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ವರ್ಬಲ್‌ಗೆ 23 ಪ್ರಶ್ನೆ, 45 ನಿಮಿಷ, ಆರ್‌ಸಿ ಮತ್ತು ಕ್ರಿಟಿಕಲ್ ರೀಸನಿಂಗ್ (ಚಿಕ್ಕ ವಾದವೊಂದನ್ನು ಪರೀಕ್ಷಿಸುವ ಪ್ರಶ್ನೆ) ಮಾತ್ರ. ಪಿಡಿಎಫ್ ಅಳಿಸಿ.

ಮಂಗಳೂರು: ಪ್ಯಾರಾ ಜಂಬಲ್‌ನಲ್ಲಿ ಮೊದಲ ವಾಕ್ಯ ಯಾವುದು ಅಂತಲೇ ಗೊತ್ತಾಗುವುದಿಲ್ಲ ಮೇಡಂ.

ಮೇಡಂ: ಮೊದಲ ವಾಕ್ಯವನ್ನು ಹುಡುಕುವುದೇ ತಪ್ಪು ದಾರಿ. ಬಿಡಿಸಲಾಗದ ಜೋಡಿ ಹುಡುಕಿ. ಕನ್ನಡದಲ್ಲೇ ತೋರಿಸುತ್ತೇನೆ.
1. ಹೀಗಾಗಿ ಹೂಳು ತೆಗೆಯುವ ಹೊಣೆ ಯಾರದೂ ಅಲ್ಲವಾಯಿತು.
2. ಊರಿನವರು ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು.
3. ಕೆರೆ ಇಲಾಖೆಯ ಕೈಗೆ ಹೋದ ಮೇಲೆ ಊರು ಸುಮ್ಮನಾಯಿತು, ಇಲಾಖೆಗೆ ಆಳು ಸಾಲಲಿಲ್ಲ.
4. ಈ ಮಣ್ಣಿನಿಂದ ಬೆಳೆಗೆ ಗೊಬ್ಬರವಾಗುತ್ತಿತ್ತು, ಕೆರೆಯ ಆಳವೂ ಉಳಿಯುತ್ತಿತ್ತು.
‘ಈ ಮಣ್ಣು’ ಎಂದರೆ 2ರ ಹೂಳು, ಹಾಗಾಗಿ 2-4. ‘ಹೀಗಾಗಿ’ಗೆ ಕಾರಣ 3ರಲ್ಲಿದೆ, ಹಾಗಾಗಿ 3-1. ಉತ್ತರ 2431. ಎರಡರಲ್ಲೂ ‘ಹೂಳು’ ಇದೆಯೆಂದು 2-1 ಜೋಡಿಸುವವರು ಬಹಳ. ಒಂದೇ ಪದ ಎರಡು ಕಡೆ ಕಂಡರೆ ಅದು ಕೊಂಡಿಯಲ್ಲ. ದಿಸ್, ಸಚ್, ದೀಸ್, ಹೆನ್ಸ್‌ಗಳನ್ನು ಹಿಡಿದು, ‘ಇದು ಯಾವುದನ್ನು ತೋರಿಸುತ್ತಿದೆ’ ಅಂತ ಕೇಳಿ. ಒಂದಕ್ಕೆ ಎರಡೂವರೆ ನಿಮಿಷ ದಾಟಿದರೆ ತೋಚಿದ್ದನ್ನು ಟೈಪ್ ಮಾಡಿ ಮುಂದೆ ಹೋಗಿ.

ತುಮಕೂರು ಬಿಕಾಂ: ಎಕ್ಸ್‌ಎಲ್‌ಆರ್‌ಐ ಎಂಬಿಎ ಪ್ರವೇಶ ಪರೀಕ್ಷೆ ಎಕ್ಸ್ಯಾಟ್‌ಗೂ ಇದೇ ತಯಾರಿ ನಡೆಯತ್ತಾ?

ಮೇಡಂ: ಮುಕ್ಕಾಲು ಪಾಲು. ಅಲ್ಲಿ ಕವಿತೆಯ ಮೇಲೂ ಪ್ರಶ್ನೆ ಬರುತ್ತದೆ, ಪದಜ್ಞಾನವೂ ಬೇಕು. ತಪ್ಪಿಗೆ 0.25 ಕಟ್. ಜಿಕೆ ಬಿಟ್ಟು ಉಳಿದ ಭಾಗಗಳಲ್ಲಿ 8ಕ್ಕಿಂತ ಹೆಚ್ಚು ಖಾಲಿ ಬಿಟ್ಟರೆ ನಂತರದ ಪ್ರತಿಯೊಂದಕ್ಕೂ 0.10 ಕಟ್.

ಕಲಬುರಗಿ: ದಿನಾ ಎಷ್ಟು ಓದ್ಬೇಕು ಮೇಡಂ? ಯಾವ ಪೇಪರ್?

ಮೇಡಂ: ಮೇಲೆ ಇದೆ.

ದಾವಣಗೆರೆ: ಮೇಡಂ, ನೀವು ಹೇಳ್ದಂಗೆ ಮಾಡ್ದೆ. ಟೈಮರ್ ಇಟ್ಟು 8 ಸರಿ. ಟೈಮರ್ ಇಲ್ದೆ, ಡಿಕ್ಷನರಿ ಇಟ್ಕೊಂಡು 9 ಸರಿ. ತಪ್ಪಾದ 7ರಲ್ಲಿ 5 ‘ಲೇಖಕರು ಯಾವುದನ್ನು ಒಪ್ತಾರೆ’, ‘ಇದರಿಂದ ಏನು ತಿಳಿಯುತ್ತೆ’ ತರದವು. 1 ಮುಖ್ಯ ವಿಚಾರ, 1 ವಾದವನ್ನು ದುರ್ಬಲಗೊಳಿಸೋದು.

ಮೇಡಂ: ಹಾಗಾದರೆ ಪದವೂ ಅಲ್ಲ, ಸಮಯವೂ ಅಲ್ಲ. ಡಿಕ್ಷನರಿ ಕೈಯಲ್ಲಿದ್ದೂ ಏರಿದ್ದು ಒಂದೇ ಪ್ರಶ್ನೆ. ಕನ್ನಡ ಮೀಡಿಯಂ ಎಂಬ ಕಾರಣವನ್ನು ಇನ್ನು ಪಕ್ಕಕ್ಕಿಡಿ. ನೀವು ಪ್ಯಾಸೇಜ್ ಸರಿಯಾಗಿಯೇ ಓದುತ್ತಿದ್ದೀರಿ. ಆಯ್ಕೆಗಳಿಗೆ ಬಂದಾಗ ಮಾತ್ರ ಪುಟ ಬಿಟ್ಟು ನಿಮಗೆ ಮೊದಲೇ ಗೊತ್ತಿರುವುದರ ಜೊತೆ ತಾಳೆ ನೋಡುತ್ತಿದ್ದೀರಿ. ಆ ಐದು ತಪ್ಪುಗಳ ಬಗೆ ಇದನ್ನೇ ಹೇಳುತ್ತದೆ. ಭಾಷೆಯ ಭಯ ಅಡ್ಡ ಬಾರದಂತೆ ಇದನ್ನೂ ಕನ್ನಡದಲ್ಲೇ ಮಾಡೋಣ.

‘ಹೊಸ ಮೇಲ್ಸೇತುವೆಯಿಂದ ಕೆಲವು ವರ್ಷ ಸಂಚಾರ ಸರಾಗವಾಗುತ್ತದೆ. ದಾರಿ ಸುಲಭವಾಯಿತೆಂದೇ ಇನ್ನಷ್ಟು ಜನ ವಾಹನ ಹೊರಗೆ ತೆಗೆಯುತ್ತಾರೆ, ದಟ್ಟಣೆ ಹಿಂದಿನ ಮಟ್ಟಕ್ಕೆ ಮರಳುತ್ತದೆ. ಹಾಗೆಂದು ಸೇತುವೆ ವ್ಯರ್ಥವಾಯಿತು ಎನ್ನುವುದು ಅವಸರದ ಮಾತು. ಅದೇ ದಟ್ಟಣೆಯಲ್ಲಿ ಈಗ ಮೊದಲಿಗಿಂತ ಹೆಚ್ಚು ಜನ ಓಡಾಡುತ್ತಿರುತ್ತಾರೆ.’

ಲೇಖಕರು ಯಾವುದನ್ನು ಒಪ್ಪುತ್ತಾರೆ?
ಅ) ಮೇಲ್ಸೇತುವೆಯಿಂದ ದಟ್ಟಣೆ ಎಂದೂ ಕಡಿಮೆಯಾಗದು.
ಆ) ನಗರಗಳಿಗೆ ಮೇಲ್ಸೇತುವೆಗಿಂತ ಮೆಟ್ರೊ ಮೇಲು.
ಇ) ದಟ್ಟಣೆ ಮರಳಿತು ಎಂಬುದೊಂದರಿಂದಲೇ ಸೇತುವೆಯ ಪ್ರಯೋಜನವನ್ನು ಅಳೆಯಲಾಗದು.
ಈ) ಜನಸಂಖ್ಯೆ ಬೆಳೆಯುವುದರಿಂದ ದಟ್ಟಣೆ ಮರಳುತ್ತದೆ.

‘ಅ’ವನ್ನು ಕೆಡಿಸುವುದು ‘ಎಂದೂ’ ಎಂಬ ಒಂದು ಪದ; ಕೆಲವು ವರ್ಷ ಸರಾಗವಾಗುತ್ತದೆಂದು ಮೊದಲ ಸಾಲೇ ಹೇಳಿದೆ. ‘ಈ’ಯಲ್ಲಿ ಕಾರಣ ಬದಲಾಗಿದೆ. ಪ್ಯಾಸೇಜ್ ಹೇಳಿದ್ದು ದಾರಿ ಸುಲಭವಾದದ್ದೇ ಕಾರಣ ಎಂದು. ‘ಆ’ ನಿಮ್ಮಂಥವರ ಬಲೆ. ಬೆಂಗಳೂರಿನಲ್ಲಿ ಓಡಾಡುವ ಎಷ್ಟೋ ಜನ ಒಪ್ಪುವ ಮಾತು, ಆದರೆ ಮೆಟ್ರೊದ ಸುದ್ದಿಯೇ ಈ ಪ್ಯಾಸೇಜ್‌ನಲ್ಲಿ ಇಲ್ಲ. ‘ಇ’ ಓದಲು ಸಪ್ಪೆಯಾಗಿದೆ, ಹೇಳುವುದೂ ಕಡಿಮೆ. ಅದೇ ಸರಿ. ಇಂಥ ಪ್ರಶ್ನೆಗಳಲ್ಲಿ ಸರಿ ಉತ್ತರ ಬಹಳ ಸಲ ಹೀಗೆ ಸಪ್ಪೆಯಾಗಿರುವುದು ಯಾಕೆಂದರೆ, ಕಡಿಮೆ ಹೇಳುವ ವಾಕ್ಯವನ್ನು ಪ್ಯಾಸೇಜ್‌ನಿಂದ ಸಮರ್ಥಿಸುವುದು ಸುಲಭ.

ನೀವು ಮಾಡಬೇಕಾದದ್ದು: ಆ 16 ಪ್ರಶ್ನೆಗಳಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ. ಮೊದಲನೆಯದು ಪ್ರಶ್ನೆಯ ಬಗೆ. ಎರಡನೆಯದು ಸರಿ ಉತ್ತರಕ್ಕೆ ಆಧಾರವಾದ ಸಾಲು, ಪ್ಯಾಸೇಜ್‌ನಿಂದ ಇದ್ದದ್ದು ಇದ್ದಂತೆ. ಮೂರನೆಯದು ನೀವು ಒತ್ತಿದ ಆಯ್ಕೆಯನ್ನು ಕೆಡಿಸುವ ಪದ, ಒಂದೋ ಎರಡೋ ಪದ, ವಾಕ್ಯವಲ್ಲ. ನಾಲ್ಕನೆಯದು ತಪ್ಪಿನ ಹೆಸರು: ಅತಿ, ಹೊರಗಿನದು, ಕಾರಣ ಬದಲು, ಅರ್ಧ ಸತ್ಯ. ಸರಿಯಾದ ಪ್ರಶ್ನೆಗಳಿಗೂ ತುಂಬಿ, ಅದೃಷ್ಟದಿಂದ ಸರಿಯಾದವು ಅಲ್ಲೇ ಸಿಕ್ಕಿಬೀಳುತ್ತವೆ. ದಿನಕ್ಕೆ ಎರಡು ಪ್ಯಾಸೇಜ್, ಟೈಮರ್ ಇಲ್ಲದೆ. ಆಧಾರ ಸಾಲು ತೋರಿಸಲಾಗದ ಉತ್ತರವನ್ನು ಒತ್ತಲೇಬೇಡಿ. ಎಂಟರಲ್ಲಿ ಆರು ಖಾಯಂ ಆಗಿ ಬರುವವರೆಗೆ ಟೈಮರ್ ಮುಟ್ಟಬೇಡಿ, ಹೊಸ ಮಾಕ್ ಬರೆಯಬೇಡಿ.

ವಿಜಯನಗರ: ಆದ್ರೂ ಮೇಡಂ, ವೊಕ್ಯಾಬ್ ಇಲ್ದೆ ಹೇಗೆ? ಆ ಲಿಸ್ಟಿಂದ ತುಂಬಾ ಜನಕ್ಕೆ ಉಪಯೋಗ ಆಗಿದೆ.

ಮೇಡಂ: ಡಿಕ್ಷನರಿ ಇಟ್ಟುಕೊಂಡರೂ 8 ಇದ್ದದ್ದು 9 ಆಯಿತು ಅಂತ ಅವರೇ ಬರೆದಿದ್ದಾರೆ. ಅದನ್ನು ಓದಿ ಆಮೇಲೆ ಬರೆಯಿರಿ.

ಹುಬ್ಬಳ್ಳಿ ರಿಪೀಟರ್: ಮಾಕ್ ಬರೀಬ್ಯಾಡ್ರಿ ಅಂದ್ರ ಒತ್ತಡಕ್ಕ ರೂಢಿ ಆಗೂದ ಹೆಂಗ?

ಮೈಸೂರು ಇಂಜಿನಿಯರ್: ತಪ್ಪು ವಿಧಾನವನ್ನ ಒತ್ತಡದಲ್ಲಿ ರೂಢಿ ಮಾಡ್ಕೊಂಡು ಏನು ಮಾಡ್ತೀರಿ? ನಿಮ್ಮ ಹಳೇ ವಾದಾನೇ ಇದು.

ಹುಬ್ಬಳ್ಳಿ ರಿಪೀಟರ್: ನಿಮ್ಮನ್ನ ಕೇಳಿಲ್ರೀ ನಾನು. ಮೇಡಂಗ ಕೇಳೇನಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಸಲ ಹೀಗಾದರೆ ಮ್ಯೂಟ್ ಮಾಡುತ್ತೇನೆ.

ಮೇಡಂ: ಮಾಕ್ ಬೇಡ ಎಂದದ್ದು ದಾವಣಗೆರೆಯವರೊಬ್ಬರಿಗೆ. ನೀವು ವಾರಕ್ಕೊಂದು ಬರೆಯಿರಿ. ಆದರೆ ಮಾಕ್ ಬರೆಯಲು ಹಿಡಿದ 40 ನಿಮಿಷಕ್ಕೆ ಕಡಿಮೆಯೆಂದರೆ 80 ನಿಮಿಷ ತಪ್ಪು ನೋಡಲು ಇಡಿ.

ಕಲಬುರಗಿ: ಪಿಜಿಸಿಇಟಿ ಎಂಬಿಎಗೆ ಇಷ್ಟೆಲ್ಲಾ ಬೇಕಾ ಮೇಡಂ?

ಬೆಳಗಾವಿ: ಪ್ಯಾಸೇಜ್ ಮೊದಲೋ, ಪ್ರಶ್ನೆ ಮೊದಲೋ?

ಮೇಡಂ: ಪ್ಯಾಸೇಜ್. ಪ್ರಶ್ನೆಗಳನ್ನು ಮೊದಲು ಓದಿದರೆ ಓದುವಾಗ ಕಣ್ಣು ಆ ಪದಗಳನ್ನೇ ಹುಡುಕುತ್ತದೆ, ವಾದ ಕೈತಪ್ಪುತ್ತದೆ.

ವಿಜಯನಗರ: ಇನ್ನೊಂದು ಫಾರ್ವರ್ಡ್ ಬಂದಿದೆ, ಟಾಪರ್ ಹೇಳಿದ್ದಂತೆ...

ಮೇಡಂ: ದಯವಿಟ್ಟು ಬೇಡ.

ದಾವಣಗೆರೆ: ಮೇಡಂ, ಎರಡು ಪ್ಯಾಸೇಜ್‌ಗೆ ಕಾಲಂ ತುಂಬ್ದೆ. 8ಕ್ಕೆ 5 ಸರಿ. ತಪ್ಪಾದ ಮೂರಕ್ಕೆ ಮೂರನೇ ಕಾಲಂನಲ್ಲಿ ಹೀಗೆ ಬರ್ದಿದೀನಿ: 1) ‘ಮೋಸ್ಟ್’, ಪ್ಯಾಸೇಜ್‌ನಲ್ಲಿ ‘ಸಮ್’ ಇತ್ತು. 2) ‘ಕಾಸ್ಡ್ ಬೈ’, ಪ್ಯಾಸೇಜ್‌ನಲ್ಲಿ ಎರಡೂ ಒಟ್ಟಿಗೆ ನಡೆದವು ಅಂತ ಮಾತ್ರ ಇದೆ. 3) ಸರಿ ಹೊಂದಲಿಲ್ಲ ಅನ್ನಿಸ್ತು.

ಮೇಡಂ: ಮೊದಲೆರಡು ಚೆನ್ನಾಗಿವೆ, ನಾನು ಕೇಳಿದ್ದು ಇದನ್ನೇ. ಮೂರನೆಯದು ನಡೆಯುವುದಿಲ್ಲ. ಆ ಆಯ್ಕೆಯನ್ನು ತುಂಡು ತುಂಡು ಮಾಡಿ: ಯಾರು, ಏನು ಮಾಡಿದರು, ಯಾಕೆ, ಎಷ್ಟು. ಪ್ರತಿ ತುಂಡಿಗೂ ಪ್ಯಾಸೇಜ್‌ನಲ್ಲಿ ಸಾಲು ಹುಡುಕಿ. ಸಾಲು ಸಿಗದ ತುಂಡೇ ಆಯ್ಕೆಯನ್ನು ಕೆಡಿಸಿದ ಪದ. ಅದನ್ನು ಬರೆದು ಇಲ್ಲೇ ಹಾಕಿ, ನೋಡುತ್ತೇನೆ.