ಸಹಾಯ ಬೇಕು: ರೈಸ್ ಮಿಲ್‌ನಲ್ಲಿ ಡೀಸೆಲ್ ಟ್ಯಾಂಕ್ ಇಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆ ಕಾರಟಗಿ ಹತ್ತಿರ ಒಂದು ರೈಸ್ ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಜನರೇಟರಿನ ಡೀಸೆಲ್ ಈಗ ಶೆಡ್ ಗೋಡೆ ಪಕ್ಕ ಬ್ಯಾರಲ್‌ಗಳಲ್ಲಿದೆ. ಕೈಪಂಪಿನ ಪೈಪಿನಿಂದ ತೊಟ್ಟಿಕ್ಕಿದ ಡೀಸೆಲ್‌ಗೆ ಭತ್ತದ ಹೊಟ್ಟಿನ ಧೂಳು ಹತ್ತಿ, ನೆಲದ ಮೇಲೆ ಕಪ್ಪು ಪದರ ಕಟ್ಟಿದೆ. ಸ್ವಲ್ಪ ಆಚೆಗೆ ಹೊಟ್ಟಿನ ರಾಶಿ. ಹಮಾಲರು ಅಲ್ಲೇ ಬೀಡಿ ಹಚ್ಚುತ್ತಾರೆ. ನೋಡಿದರೆ ಎದೆ ಝಲ್ ಎನ್ನುತ್ತದೆ.

ಮಾಲೀಕರು 1000 ಲೀಟರಿನ ಕಬ್ಬಿಣದ ಟ್ಯಾಂಕ್ ಇಡಿಸಲು ಒಪ್ಪಿದ್ದಾರೆ. ಒಟ್ಟು ಡೀಸೆಲ್ 2500 ಲೀಟರ್ ಮೀರದೆ, ಯಾವ ಟ್ಯಾಂಕೂ 1000 ಲೀಟರ್ ದಾಟದಿದ್ದರೆ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ಸುಮ್ನೆ ಸಿಕ್ಕ ಜಾಗದಲ್ಲಿ ಇಡುವುದಲ್ಲ, ಅಲ್ವಾ? ಸೋರಿದರೆ ಹಿಡಿಯಲು ಸುತ್ತ 1100 ಲೀಟರಿನಷ್ಟು ಸಿಮೆಂಟ್ ಕಟ್ಟೆ, ಮೇಲೆ ತಗಡಿನ ಚಾವಣಿ, ಟ್ಯಾಂಕಿನ ಆವಿ ಹೊರಹೋಗಲು ಗಾಳಿ ಪೈಪು, ಬೆಂಕಿ ಆರಿಸುವ ಫೋಮ್ ಸಿಲಿಂಡರ್ ಬೇಕೇ ಬೇಕು ಎಂದು ಹೇಳಿದ್ದೇನೆ. ಟ್ಯಾಂಕಿನ ಒಳಗೆ ಜಿಂಕ್ (ಸತು) ಲೇಪನ ಮಾತ್ರ ಬೇಡ, ಡೀಸೆಲ್ ಕೆಡುತ್ತದೆ.

ಕಟ್ಟೆಯೊಳಗೆ ಎರಚಲು ಹೊಡೆದು ನಿಂತ ಮಳೆನೀರನ್ನು ನೀವು ಹೇಗೆ ತೆಗೆಯುತ್ತೀರಿ? ವಾಲ್ವ್ ಇಟ್ಟರೆ ಯಾರಾದರೂ ತೆರೆದು ಮರೆತುಬಿಡುವ ಭಯ. ಗಂಗಾವತಿ, ಸಿಂಧನೂರು ಕಡೆ ಟ್ಯಾಂಕ್ ಮಾಡಿ, ಸೋರಿಕೆ ಪರೀಕ್ಷಿಸಿಯೇ ಕೊಡುವ ಫ್ಯಾಬ್ರಿಕೇಟರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹೊಸ ಭತ್ತ ಬರುವ ಮುಂಚೆ ಕೆಲಸ ಮುಗಿಸಬೇಕು.