ಶಾಲೆಯ ಇತಿಹಾಸ ಬರೆಯೋದು ಎಲ್ಲಿಂದ ಶುರು ಮಾಡಬೇಕು? ಪುಣೆ, ಮುಂಬೈ ಕನ್ನಡಿಗರ ಅನುಭವ

ಕೇಳಿದವರು: ಕೋಥ್ರೂಡ್, ಪುಣೆ

ನಮಸ್ಕಾರ. ನಾನು ವಿಜಯಪುರ ಕಡೆಯವಳು. ಇಲ್ಲಿ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಿಧವೆಯರ, ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಮಹರ್ಷಿ ಕರ್ವೆ ಅವರ ಹೆಸರು ನಮ್ಮ ಶಾಲೆಗಿದೆ. ಈ ವರ್ಷ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಶಾಲೆಯ ಇತಿಹಾಸ ಮತ್ತು ಕರ್ವೆ ಅವರ ಪರಿಚಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಿ ನೋಡಿದರೂ ಅದೇ ಎರಡು ಪ್ಯಾರಾ: ಹುಟ್ಟಿದ್ದು 1858, ಭಾರತರತ್ನ 1958, ತೀರಿಕೊಂಡದ್ದು 1962. ಇಂಥ ಕೆಲಸ ಮಾಡಿದವರು ಇದ್ದರೆ ದಾರಿ ತೋರಿಸಿ.

ಕರ್ವೆನಗರ, ಪುಣೆಯಿಂದ

ಮೇಡಂ, ನೀವು ಗಣಿತದವರು ಅಂದ್ರಲ್ಲ, ಅಲ್ಲಿಂದಲೇ ಹಿಡಿಯಿರಿ. ಧೋಂಡೋ ಕೇಶವ ಕರ್ವೆ ಕೂಡ ಗಣಿತದ ಮಾಸ್ತರು. ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಅಲ್ಲೇ ಶಾಲೆಗಳಲ್ಲಿ ಪಾಠ ಮಾಡಿಕೊಂಡಿದ್ದರು. 1890ರಲ್ಲಿ ಟಿಳಕರು ಡೆಕ್ಕನ್ ಎಜುಕೇಶನ್ ಸೊಸೈಟಿ ಬಿಟ್ಟರು. ಅದೇ ಸೊಸೈಟಿಯ ಫರ್ಗ್ಯುಸನ್ ಕಾಲೇಜಿಗೆ ಅವರ ಜಾಗದಲ್ಲಿ ಗಣಿತ ಕಲಿಸುವವರು ಬೇಕಾದರು. ಗೋಪಾಲ ಕೃಷ್ಣ ಗೋಖಲೆ ಇವರನ್ನು ಕರೆಸಿಕೊಂಡರು. 1891ರಿಂದ 1914ರವರೆಗೆ ಅಲ್ಲಿ ಕಲಿಸಿದರು. ವಿಧವೆಯರ ಆಶ್ರಮ, ಶಾಲೆ ಎಲ್ಲ ಕಟ್ಟಿದ್ದು ಈ ನೌಕರಿಯ ಜೊತೆಜೊತೆಗೇ. ಮಕ್ಕಳಿಗೆ ಇದನ್ನು ಹೇಳಲೇಬೇಕು. ‘ಮಹರ್ಷಿ’ ಅಂದ ಕೂಡಲೇ ಅವರ ಕಣ್ಣಿಗೆ ಗಡ್ಡದ ಋಷಿ ಬರುತ್ತಾನೆ, ದಿನಾ ಕ್ಲಾಸಿಗೆ ಹೋಗಿ ಪಾಠ ಹೇಳುವ ಮನುಷ್ಯ ಬರೋದಿಲ್ಲ.

ಅವರ ಹುಡುಗತನದ ಒಂದು ಘಟನೆಯನ್ನಂತೂ ಬಿಡಬೇಡಿ. ಕೊಂಕಣದ ತಮ್ಮೂರು ಮುರುಡದಿಂದ ಪರೀಕ್ಷೆಗೆ ಕೂರಲು ಗೆಳೆಯರ ಜೊತೆ ಘಟ್ಟ ಹತ್ತಿ ಸಾತಾರಾಕ್ಕೆ ನಡೆದುಕೊಂಡು ಹೋದರು. ನೂರು ಮೈಲಿಗೂ ಜಾಸ್ತಿ ದಾರಿ. ಪರೀಕ್ಷೆಗೆ ಹದಿನೇಳು ತುಂಬಿರಬೇಕಿತ್ತು. ಅಲ್ಲಿದ್ದ ಅಧಿಕಾರಿ ಇವರ ಸಣ್ಣ ಮೈಕಟ್ಟು ನೋಡಿ, ಅಷ್ಟು ವಯಸ್ಸು ಕಾಣೋದಿಲ್ಲ ಅಂತ ವಾಪಸ್ ಕಳಿಸಿಬಿಟ್ಟ. ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳಿಗೆ ಇದನ್ನು ಹೇಳಿದಾಗ ಭಾರತರತ್ನದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದೆಲ್ಲ ಒಂದೇ, ಆಮೇಲೆ ಏನಾಯ್ತು?

ಇನ್ನು ಇಸವಿಗಳು. ಇಲ್ಲೇ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ವಿಧವೆಯರಿಗಾಗಿ ಸಂಸ್ಥೆ ಶುರುವಾದದ್ದು 1896ರಲ್ಲಿ, ಪುಣೆ ಪೇಟೆಯೊಳಗೆ. ಹಿಂಗಣೆ ಊರಿಗೆ ಬಂದದ್ದು 1900ರಲ್ಲಿ. ಅದೇ ಹಿಂಗಣೆ ಇವತ್ತಿನ ನಮ್ಮ ಕರ್ವೆನಗರ. ಮಹಿಳಾ ವಿದ್ಯಾಲಯ 1907ರದ್ದು, ಮಹಿಳಾ ವಿಶ್ವವಿದ್ಯಾಲಯ 1916ರದ್ದು. ಇಸವಿ ನಾಲ್ಕು, ಸಂಸ್ಥೆ ಮೂರು. ನಿಮ್ಮ ಶಾಲೆ ಇವುಗಳಲ್ಲಿ ಯಾವುದರ ಕೊಂಬೆ, ಅಥವಾ ಗೌರವಕ್ಕೆ ಬರೀ ಹೆಸರು ಇಟ್ಟುಕೊಂಡದ್ದಾ? ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಹೆಸರು ಇಟ್ಟದ್ದಷ್ಟೇ ಆದರೆ ಯಾರು ಸೂಚಿಸಿದರು, ಯಾವ ಸಭೆಯಲ್ಲಿ ಠರಾವು ಆಯ್ತು ಅಂತ ಹುಡುಕಿ. ಅದೂ ಇತಿಹಾಸವೇ.

ಹಿಂಗಣೆಯ ಆ ಮೊದಲ ಗುಡಿಸಲನ್ನು ಸಂಸ್ಥೆಯ ಆವರಣದಲ್ಲಿ ಉಳಿಸಿಕೊಂಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಫರ್ಗ್ಯುಸನ್‌ನಿಂದ ಅಲ್ಲಿಗೆ ಈಗ ಬಸ್ಸಿದೆ, ರಿಕ್ಷಾ ಇದೆ. ಆಗ ಕೆಸರಿನ ದಾರಿ. ಕಾಲೇಜು ಮುಗಿಸಿ ಆ ಮನುಷ್ಯ ಅಲ್ಲಿಗೆ ನಡೆದು ಬರುತ್ತಿದ್ದರು.

ಡೊಂಬಿವಲಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಬರೀ ಕರ್ವೆ ಅವರನ್ನೇ ಬರೆದು ನಿಲ್ಲಿಸಬೇಡಿ ಅಕ್ಕಾ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. 1893ರಲ್ಲಿ ಅವರು ಮದುವೆಯಾದದ್ದು ಗೋದೂಬಾಯಿ ಎಂಬ ವಿಧವೆಯನ್ನು. ಪಂಡಿತಾ ರಮಾಬಾಯಿ ವಿಧವೆಯರಿಗಾಗಿ ನಡೆಸುತ್ತಿದ್ದ ಶಾರದಾ ಸದನ ಶಾಲೆಯಲ್ಲಿ ಓದಿದವರು. ಮುಂದೆ ಆನಂದಿಬಾಯಿ ಆದರು, ಎಲ್ಲರ ಬಾಯಲ್ಲಿ ‘ಬಾಯಾ’. ಈ ಮದುವೆಗೆ ಮುರುಡದವರು ಬಹಿಷ್ಕಾರ ಹಾಕಿದರು. ಬಾಯಾ ಅವರ ತಂಗಿ ಪಾರ್ವತಿಬಾಯಿ ಆಠವಲೆ. ಅವರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಆಶ್ರಮಕ್ಕೆ ಹಣ ಕೂಡಿಸಲು ಊರೂರು ತಿರುಗಿದರು. ಕೊನೆಗೆ ಅಮೆರಿಕಕ್ಕೂ ಹೋಗಿ, ಅಲ್ಲಿ ಮನೆಗೆಲಸ ಮಾಡಿಕೊಂಡು ದಿನ ತೆಗೆದರು. ಮರಾಠಿಯಲ್ಲಿ ಆತ್ಮಕಥೆ ಬರೆದಿದ್ದಾರೆ, ಹುಡುಕಿ ಓದಿ.

ಶಾಲೆಯ ಗೋಡೆ ಮೇಲೆ ಸಾಮಾನ್ಯವಾಗಿ ಒಂದೇ ಫೋಟೋ ಇರುತ್ತದೆ. ನಿಮ್ಮ ಸಂಚಿಕೆಯಲ್ಲಿ ಮೂರು ಇರಲಿ. ಹೆಣ್ಣುಮಕ್ಕಳು ಓದುವ ಶಾಲೆಯಲ್ಲಿ ಇದು ಇರಲೇಬೇಕು ಅಲ್ವಾ?

ಮಾಟುಂಗಾ, ಮುಂಬೈನಿಂದ

ಕರ್ವೆ ಅವರ ಇಂಗ್ಲಿಷ್ ಆತ್ಮಕಥೆ ‘ಲುಕಿಂಗ್ ಬ್ಯಾಕ್’ 1936ರಲ್ಲಿ ಬಂದದ್ದು. ಅದಕ್ಕೂ ಮುಂಚೆ 1915ರಲ್ಲಿ ಮರಾಠಿಯಲ್ಲಿ ‘ಆತ್ಮವೃತ್ತ’ ಬರೆದಿದ್ದರು. ಬೇರೆಯವರು ಬರೆದದ್ದು ಓದುವ ಮೊದಲು ಇವನ್ನು ಓದಿ.

ದಾಖಲೆ ಬೇಕಿದ್ದರೆ ಕಾಳಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಬನ್ನಿ. ಶಾಲೆಯ ಲೆಟರ್‌ಹೆಡ್ ಮೇಲೆ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಇಟ್ಟುಕೊಳ್ಳಿ. ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆ 1855ರಲ್ಲಿ ಶುರುವಾಯ್ತು. ಅದರ ವಾರ್ಷಿಕ ವರದಿಗಳಲ್ಲಿ ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಅನುದಾನ ಅಂತ ಇರುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಕೂಡ 1956ರವರೆಗೆ ಈ ಕಡೆಯ ಆಡಳಿತದಲ್ಲೇ ಇದ್ದವು. ಹಾಗಾಗಿ ನಿಮ್ಮ ತವರಿನ ಶಾಲೆಗಳ ಲೆಕ್ಕವೂ ಅದೇ ವರದಿಗಳಲ್ಲಿ ಕಾಣುತ್ತದೆ. ನಾನು ಹೋದದ್ದು ಬೇರೆ ಕೆಲಸಕ್ಕೆ, ಆದರೆ ಧಾರವಾಡದ ಪುಟಗಳನ್ನು ಬಿಟ್ಟು ಏಳಲು ಮನಸ್ಸಾಗಲಿಲ್ಲ.

ಹಣದ ಕಥೆಯನ್ನೂ ಬರೆಯಿರಿ. 1920ರಲ್ಲಿ ಮುಂಬೈನ ಉದ್ಯಮಿ ವಿಠ್ಠಲದಾಸ ಠಾಕರ್ಸಿ ಮಹಿಳಾ ವಿಶ್ವವಿದ್ಯಾಲಯಕ್ಕೆ 15 ಲಕ್ಷ ರೂಪಾಯಿ ಕೊಟ್ಟರು. ಆ ವಿಶ್ವವಿದ್ಯಾಲಯಕ್ಕೆ ಇಟ್ಟದ್ದು ಅವರ ತಾಯಿಯ ಹೆಸರು. ಅದೇ ಎಸ್‌ಎನ್‌ಡಿಟಿ: ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ. ಕಟ್ಟಿದ ಕರ್ವೆ ಅವರ ಹೆಸರು ಮುಂಬೈನಲ್ಲಿ ರಸ್ತೆಗೆ ಬಂತು. ಹಳೇ ಕ್ವೀನ್ಸ್ ರೋಡ್ ಈಗ ಮಹರ್ಷಿ ಕರ್ವೆ ಮಾರ್ಗ. ಚರ್ಚ್‌ಗೇಟಿನಲ್ಲಿ ಇಳಿದರೆ ಅಲ್ಲೇ ಸಿಗುತ್ತದೆ.

ಪಿಂಪ್ರಿಯಿಂದ, ಶಾಲಾ ಕಚೇರಿಯ ನಿವೃತ್ತ ಗುಮಾಸ್ತ

ಮೇಡಂ, ಇವರೆಲ್ಲ ಹೊರಗೆ ಹುಡುಕಲು ಹೇಳಿದರು. ನಾನು ನಿಮ್ಮ ಆಫೀಸಿನ ಕಪಾಟು ತೆಗೆಯಿರಿ ಅನ್ನುತ್ತೇನೆ. ಅಲ್ಲಿ ಜನರಲ್ ರಜಿಸ್ಟರ್ ಇರುತ್ತದೆ. ಎಷ್ಟೇ ಹಳೆಯದಾದರೂ ಎಸೆಯುವ ಹಾಗಿಲ್ಲ, ಕಾಯಂ ದಾಖಲೆ. ಹೆಸರು, ಹುಟ್ಟೂರು, ಹಿಂದಿನ ಶಾಲೆ, ಸೇರಿದ ದಿನ, ಬಿಟ್ಟ ದಿನ. ಬಲಗಡೆ ಒಂದು ಕಾಲಂ: ಶಾಲೆ ಬಿಟ್ಟ ಕಾರಣ.

ಆ ಒಂದು ಕಾಲಂ ಓದುತ್ತಾ ಹೋಗಿ. ನಾನು ಕೆಲಸ ಮಾಡಿದ ಶಾಲೆಯಲ್ಲಿ ಹುಡುಗಿಯರ ಹೆಸರಿನ ಮುಂದೆ ಹಳೇ ಪುಟಗಳಲ್ಲಿ ‘ಲಗ್ನ’, ‘ಲಗ್ನ’, ‘ಮನೆಯ ಅಡಚಣೆ’ ಅಂತಲೇ ಇತ್ತು. ನೀಲಿ ಶಾಯಿ, ಒಂದೇ ಕೈಬರಹ. ಬರಬರುತ್ತಾ ‘ಎಸ್‌ಎಸ್‌ಸಿ ಪಾಸ್’ ಜಾಸ್ತಿಯಾಗುತ್ತದೆ. ಒಂದು ಪುಟ ಬರುತ್ತದೆ ನೋಡಿ, ಅದರಲ್ಲಿ ‘ಲಗ್ನ’ ಒಂದೂ ಇಲ್ಲ. ಆ ಪುಟದ ವರ್ಷ ಹಾಕಿ ಬರೆಯಿರಿ. ಯಾವ ಭಾಷಣವೂ ಬೇಕಾಗಿಲ್ಲ. ನೀವು ಗಣಿತದವರು, ಹತ್ತತ್ತು ವರ್ಷಕ್ಕೆ ಎಣಿಸಿ ಗ್ರಾಫ್ ಮಾಡಿಸಿ, ಒಂಬತ್ತನೆಯ ತರಗತಿಯ ಮಕ್ಕಳೇ ಮಾಡುತ್ತಾರೆ.

ಆದರೆ ಯಾರ ಹೆಸರು, ಜಾತಿ, ಜನ್ಮದಿನ ಅಚ್ಚು ಹಾಕಬೇಡಿ. ಎಣಿಕೆ ಮಾತ್ರ ಸಾಕು. ಮೂಲ ಪುಸ್ತಕ ಮಕ್ಕಳ ಕೈಗೆ ಕೊಡಬೇಡಿ, ಅಂಚು ಪುಡಿಯಾಗುತ್ತದೆ. ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು, ಹೆಸರಿನ ಕಾಲಂ ಮೇಲೆ ಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ.

ಸಭೆಯ ಠರಾವಿನ ಪುಸ್ತಕ, ಇನ್‌ಸ್ಪೆಕ್ಟರು ಬಂದಾಗ ಬರೆದ ಶೆರಾ (ಅಭಿಪ್ರಾಯದ ಟಿಪ್ಪಣಿ), ದಾನಿಗಳ ರಸೀದಿ ಪುಸ್ತಕ, ಇವನ್ನೂ ಕೇಳಿ. ಹಳೇ ಲೆಕ್ಕದ ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲಿ, ಇದ್ದರೆ ಹೆದರಬೇಡಿ. ಪುಣೆಯಲ್ಲಿ ಮೋಡಿ ಓದುವವರಿಗೆ ಬರವಿಲ್ಲ, ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ವಿಚಾರಿಸಿ. ಮೊದಲು ಹಳೇ ಶಿಪಾಯಿಯವರನ್ನು ಹುಡುಕಿ. ಯಾವ ಕಪಾಟಿನಲ್ಲಿ ಏನಿದೆ ಅನ್ನೋದು ಮುಖ್ಯಾಧ್ಯಾಪಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ದೀಪಾವಳಿ ರಜೆಗೆ ಮುಂಚೆ ಹೋಗಿ, ರಜೆಯಲ್ಲಿ ಆಫೀಸಿನ ಬೀಗದ ಕೈ ಸಿಗೋದಿಲ್ಲ.